ಗಿಡ್ಡ ಕಾಲಿನ ಮುರಿತಕ್ಕೆ ಅಳತೆಯ ಸಲಾಕೆ

ಕಳೆದ ಮಳೆಗಾಲದಲ್ಲಿ ನಮ್ಮ ಲಕ್ಷ್ಮೀ ನಗರದ ಕನ್ನಡ ಕುಟುಂಬವೊಂದರ ಸೋದರಿಯೊಬ್ಬರು ಸ್ಕೂಟರಿನಿಂದ ಬಿದ್ದು ಕಣಕಾಲಿನ ಮೂಳೆ ಮುರಿದುಕೊಂಡರು. ಹುಟ್ಟಿನಿಂದಲೇ ಕುಬ್ಜತೆಯುಳ್ಳ ಅವರ ಎತ್ತರ ನಾಲ್ಕು ಅಡಿಗೆ ತುಸು ಮೇಲೆ. ಮರುದಿನವೇ ಶಸ್ತ್ರಚಿಕಿತ್ಸೆ ಎಂದಿದ್ದ ವೈದ್ಯರು ಕ್ಷಕಿರಣ ಚಿತ್ರವನ್ನು ಅಳೆದ ಬಳಿಕ ಮೂರು ದಿನ ಕಾಯಬೇಕೆಂದರು. ಇದು ಬಿಲ್ಲು ಬೆಳೆಸುವ ಉಪಾಯವೆಂದು ಬಗೆದು, ಬೇರೆ ಆಸ್ಪತ್ರೆಗೆ ಒಯ್ಯಿರೆಂದು ಸಲಹೆಯಿತ್ತವನು ನಾನೇ. ದಿನವಿಡೀ ಸಾಲದ ಅರ್ಜಿಗಳನ್ನು ಶಂಕೆಯಿಂದ ನೋಡುವವನ ಬುದ್ಧಿ ಬೇರೆಲ್ಲಿಗೆ ಓಡೀತು! ವೈದ್ಯರು ತಾಳ್ಮೆಯಿಂದ ವಿವರಿಸಿದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ಮಜ್ಜೆಯಿರುವ ಕೊಳವೆಯೊಳಗೆ ಲೋಹದ ಸಲಾಕೆಯನ್ನು ಸೇರಿಸಿ ಮುರಿದ ತುಂಡುಗಳನ್ನು ಹಿಡಿದು ನಿಲ್ಲಿಸುವ ವಿಧಾನವನ್ನು ಜರ್ಮನಿಯ ಗೆರ್ಹಾರ್ಡ್ ಕುಂಟ್ಷರ್ 1940ರಲ್ಲಿ ವೈದ್ಯಲೋಕಕ್ಕೆ ತಿಳಿಸಿದರು. ಇಂದು ಸಲಾಕೆಯ ಎರಡೂ ತುದಿಗಳಲ್ಲಿ ಅಡ್ಡ ತಿರುಪುಗಳನ್ನು ಹಾಕಿ ಭದ್ರಪಡಿಸುತ್ತಾರೆ. ಆದರೆ ಸಿದ್ಧ ಉಡುಪಿನಂತೆ ಸಲಾಕೆಗಳೂ ನಿಗದಿತ ಅಳತೆಗಳಲ್ಲೇ ತಯಾರಾಗುತ್ತವೆ. ಕಣಕಾಲಿನವು ಸಾಮಾನ್ಯವಾಗಿ 24-26 ಸೆಂ.ಮೀ. ಆಸುಪಾಸಿನಿಂದ ಆರಂಭ. ಗಿಡ್ಡ ಮೂಳೆ ಅದಕ್ಕಿಂತಲೂ ಚಿಕ್ಕದಿರಬಹುದು. ಉದ್ದವಾದ ಸಲಾಕೆ ಮೊಣಕಾಲಿನ ಬಳಿ ಹೊರಚಾಚಿ ನಡೆಯುವಾಗಲೆಲ್ಲ ಚುಚ್ಚುತ್ತದೆ. ಮೂಳೆ ಬಾಗಿದ್ದರಂತೂ ನೇರ ಸಲಾಕೆ ನಡುವೆ ಸಿಕ್ಕಿಕೊಂಡು ಮೂಳೆಯನ್ನೇ ಸೀಳಬಹುದು. ಆಗ ತಟ್ಟೆ ಮತ್ತು ತಿರುಪುಗಳನ್ನೋ, ಹೊರಗಿನಿಂದ ಹಿಡಿಯುವ ಚೌಕಟ್ಟನ್ನೋ ಆರಿಸಬೇಕಾಗುತ್ತದೆ.

ಕ್ಷಕಿರಣ ಚಿತ್ರದಲ್ಲಿ ಮೂಳೆ ನಿಜಕ್ಕಿಂತ ತುಸು ದೊಡ್ಡದಾಗಿ ಕಾಣುತ್ತದೆಂಬುದು ನನಗೆ ಹೊಸ ಸಂಗತಿ. ಆದ್ದರಿಂದ ಗೊತ್ತಾದ ಅಳತೆಯ ಗುಂಡೊಂದನ್ನು ಪಕ್ಕದಲ್ಲಿಟ್ಟು ಚಿತ್ರ ತೆಗೆದು ಲೆಕ್ಕ ಹಾಕುತ್ತಾರೆ. ಮುರಿಯದ ಕಾಲನ್ನೂ ಅಳೆಯುತ್ತಾರೆ.

ಕುಬ್ಜತೆಯೆಲ್ಲ ಒಂದೇ ಬಗೆಯದಲ್ಲ. ಅಕಾಂಡ್ರೋಪ್ಲೇಸಿಯಾದಲ್ಲಿ ಕೈಕಾಲು ಗಿಡ್ಡವಾದರೂ ಮೂಳೆ ಗಟ್ಟಿ. ನಮ್ಮ ಸೋದರಿಯದು ಇದೇ. ಹುಟ್ಟಿನಿಂದ ಎಲುಬು ಪೆಡಸಾಗಿರುವ ರೋಗದಲ್ಲಿ ಅದು ಮತ್ತೆ ಮತ್ತೆ ಮುರಿಯುತ್ತದೆ. ಬೆಳೆಯುವ ಮಕ್ಕಳಿಗೆ ತಾನೂ ನೀಳವಾಗುವ ಸಲಾಕೆಯುಂಟು. 1970ರ ದಶಕದಲ್ಲಿ ಬೆಳಕಿಗೆ ಬಂದ, ಸಾಗರ ತಾಲ್ಲೂಕಿನ ಹಂದಿಗೋಡು ರೋಗದಲ್ಲಿ ಸವೆಯುವುದು ಮುಖ್ಯವಾಗಿ ಸೊಂಟದ ಕೀಲು. ಅದರ ಚಿಕಿತ್ಸೆಯ ದಾರಿಯೇ ಬೇರೆ.

ಅರಿವಳಿಕೆಯ ವಿಷಯದಲ್ಲೂ ಎಚ್ಚರ ಬೇಕು. ಅಕಾಂಡ್ರೋಪ್ಲೇಸಿಯಾ ಇರುವವರ ಬೆನ್ನುಹುರಿಯ ಹಾದಿ ಇಕ್ಕಟ್ಟಾಗಿರುವುದರಿಂದ ಬೆನ್ನಿಗೆ ಚುಚ್ಚುಮದ್ದು ಕೊಡುವುದು ಸುಲಭವಲ್ಲ. ಕುತ್ತಿಗೆಯನ್ನು ಹೆಚ್ಚು ಬಾಗಿಸುವಂತೆಯೂ ಇಲ್ಲ. ರೋಗಿಗೆ ಕಾಲು ಜೋಮು ಹಿಡಿಯುವ ಅಥವಾ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಯಿದ್ದರೆ ಮೊದಲೇ ತಿಳಿಸಬೇಕು.

ಚರ್ಮ ಹರಿದು ಮೂಳೆ ಹೊರಬಂದಿದ್ದರೆ, ಬೆರಳುಗಳು ತಣ್ಣಗಾಗಿ ಸ್ಪರ್ಶ ತಪ್ಪಿದ್ದರೆ ಕಾಯುವ ಮಾತೇ ಇಲ್ಲ. ನಮ್ಮ ಸೋದರಿಯದು ಹಾಗಿರಲಿಲ್ಲ. ಮನೆಯವರು ನನ್ನ ಸಲಹೆಯನ್ನು ಬದಿಗಿಟ್ಟು ಅಲ್ಲೇ ಉಳಿದರು. ನಾಲ್ಕನೆಯ ದಿನ ಚಿಕ್ಕ ಅಳತೆಯ ಸಲಾಕೆ ಬಂತು.

ಅದರ ಉದ್ದ, ದಪ್ಪ, ತಯಾರಕರ ಹೆಸರುಳ್ಳ ಚೀಟಿಯನ್ನು ಅವರು ಬಿಡುಗಡೆಯ ಕಾಗದಗಳೊಡನೆ ಜೋಪಾನ ಮಾಡಿದ್ದಾರೆ. ಮುಂದೆ ಅದನ್ನು ತೆಗೆಯಬೇಕಾದರೆ ಅದಕ್ಕೆ ಹೊಂದುವ ಉಪಕರಣವೇ ಬೇಕಂತೆ.