ಬಾಟಲಿಯ ಬಟ್ಟೆ ಕೊಳ್ಳುವ ಮುಂಚೆ

ಪುಟ್ಟೀ, ಪ್ಲಾಸ್ಟಿಕ್ ಬಾಟಲಿ ಕರಗಿಸಿ ಮಾಡಿದ ಟೀ ಶರ್ಟು ಪರಿಸರಕ್ಕೆ ಒಳ್ಳೆಯದಲ್ಲವಾ ದೊಡ್ಡಮ್ಮಾ ಅಂತ ಕೇಳಿದ್ದೆ. ಹೊಸ ಪಾಲಿಯೆಸ್ಟರಿಗಿಂತ ಖಂಡಿತ ವಾಸಿ. ಕಚ್ಚಾ ತೈಲ ಉಳಿಯುತ್ತದೆ, ತಯಾರಿಗೆ ಕರೆಂಟೂ ಕಮ್ಮಿ ಸಾಕು. ಆದರೂ ದುಡ್ಡು ಕೊಡುವ ಮುಂಚೆ ಇಷ್ಟು ಕೇಳು.

• 2023ರ ಫೆಬ್ರವರಿಯಲ್ಲಿ ಪ್ರಧಾನಿ ಮೋದಿ ಸಂಸತ್ತಿಗೆ ತೊಟ್ಟು ಬಂದ ತಿಳಿನೀಲಿ ಜಾಕೆಟ್ ನೆನಪಿದೆಯಾ? ಬೆಂಗಳೂರಿನ ಇಂಧನ ಸಪ್ತಾಹದಲ್ಲಿ ಇಂಡಿಯನ್ ಆಯಿಲ್‌ನವರು ಕೊಟ್ಟದ್ದು, ಬಾಟಲಿಯ ನೂಲಿನದೇ. ನಿನ್ನ ಟೀ ಶರ್ಟೂ ಅದೇ ಜಾತಿ. ಆದರೆ ಬಾಟಲಿ ಮತ್ತೆ ಬಾಟಲಿಯಾಗಬಹುದು; ನೂಲಾಗಿ, ಬಣ್ಣ ಹತ್ತಿ, ಅಂಗಿಯಾದರೆ ಬಹುಪಾಲು ಅಲ್ಲಿಗೇ ಮುಗಿಯಿತು. ಹಳೇ ಬಟ್ಟೆಯಿಂದ ಮತ್ತೆ ಹೊಸ ಬಟ್ಟೆಯಾಗುವುದು ಜಗತ್ತಿನಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ.

• ಒಳಗಿನ ಚೀಟಿ ಓದು. ಶೇಕಡಾ ಎಷ್ಟು ಅಂತ ಹೇಳದೆ ಹಸಿರೆಲೆಯ ಚಿತ್ರ ಮಾತ್ರ ಇದ್ದರೆ ನಂಬಬೇಡ. ಮರುಬಳಕೆಯ ಮಾಲು ಅಂತ ಪ್ರಮಾಣಿಸುವ ಜಿಆರ್‌ಎಸ್ ಗುರುತು ಹಾಕಬೇಕಾದರೆ ನೂರಕ್ಕೆ ಕನಿಷ್ಠ 50 ಪಾಲು ಮರುಬಳಕೆಯದ್ದೇ ಇರಬೇಕು. ಹತ್ತಿ, ಪಾಲಿಯೆಸ್ಟರ್, ಸ್ಪ್ಯಾಂಡೆಕ್ಸ್ ಮೂರೂ ಬೆರೆತದ್ದು ಬೇಡವೇ ಬೇಡ, ಅದನ್ನು ಬಿಡಿಸುವುದು ಕಾರ್ಖಾನೆಗೂ ಕಷ್ಟ.

• ಚೀಟಿ ಕಿತ್ತು ಹೋಗಿದ್ದರೆ ಒಳಹೊಲಿಗೆಯಿಂದ ಒಂದೇ ಒಂದು ಎಳೆ ಎಳೆದು, ಚಿಮಟದಲ್ಲಿ ಹಿಡಿದು ಕಡ್ಡಿ ಗೀರು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆರಳಿಗೆ ಹುಡಿಯಾಗುವ ಬೂದಿ. ಪಾಲಿಯೆಸ್ಟರ್ ಮುದುಡಿ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಬಾಟಲಿಯಿಂದ ಬಂದದ್ದೂ ಹೀಗೇ. ಪ್ಲಾಸ್ಟಿಕ್ ಪ್ಲಾಸ್ಟಿಕ್ಕೇ.

• ಒಗೆತದಲ್ಲಿ ಹುಷಾರು. ಪ್ರತಿ ಸಲ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಉದುರಿ, ಚರಂಡಿ ಹಿಡಿದು ಕೆರೆ, ಸಮುದ್ರದವರೆಗೂ ಹೋಗುತ್ತವೆ. ಮರುಬಳಕೆಯ ನೂಲು ಅಂತ ಇದು ತಪ್ಪುವುದಿಲ್ಲ. ಒಮ್ಮೆ ಹಾಕಿದ ತಕ್ಷಣ ಮಷೀನಿಗೆ ಎಸೆಯಬೇಡ, ಗಾಳಿಗೆ ಹರವು. ಒಗೆಯುವಾಗ ಮಷೀನು ತುಂಬಿರಲಿ, ತಣ್ಣೀರಿರಲಿ, ಕಮ್ಮಿ ಹೊತ್ತಿನ ಸುತ್ತು ಸಾಕು. ಫಿಲ್ಟರಿನಲ್ಲಿ ಸಿಕ್ಕಿದ ಜುಂಗನ್ನು ಸಿಂಕಿನಲ್ಲಿ ತೊಳೆದುಬಿಟ್ಟರೆ ಮಾಡಿದ್ದೆಲ್ಲ ನೀರುಪಾಲು. ಕೈಯಲ್ಲಿ ತೆಗೆದು ಕಸಕ್ಕೆ ಹಾಕು.

• ಹರಿದ ಮೇಲೆ ಬಚ್ಚಲೊಲೆಗೆ ತುರುಕಬೇಡ, ಆ ಹೊಗೆ ಎದೆಗೆ ಕೆಟ್ಟದ್ದು. ಹತ್ತಿ ಸೀರೆಯಾದರೆ ಕೌದಿಗಾಗುತ್ತಿತ್ತು, ನೆಲ ಒರೆಸಲಿಕ್ಕಾಗುತ್ತಿತ್ತು. ಇದು ನೀರನ್ನೇ ಹೀರುವುದಿಲ್ಲ. ಅದಕ್ಕೇ ಗುಂಡಿ ಕಿತ್ತರೆ ಹಾಕಿಸು, ಹೊಲಿಗೆ ಬಿಟ್ಟರೆ ಹಾಕು, ಆದಷ್ಟು ವರ್ಷ ತೊಡು.

• ರೇನ್‌ಕೋಟು, ಬೆನ್ನಿಗೆ ಹಾಕುವ ಚೀಲ ಬೇಕಾದರೆ ಬಾಟಲಿಯದ್ದನ್ನೇ ಕೊಳ್ಳು. ಅವಕ್ಕೆ ಪ್ಲಾಸ್ಟಿಕ್ ಬೇಕೇ ಬೇಕು, ಒಗೆಯುವುದೂ ಅಪರೂಪ. ದಿನಾ ಬೆವರುವ ಮೈಗೆ ಮಾತ್ರ ಹತ್ತಿಯ ಅಂಗಿ ತಗೋ, ಅದೂ ಬೀರುವಿನಲ್ಲಿ ಇರುವುದೆಲ್ಲ ಸವೆದ ಮೇಲೆ.