ಇಪ್ಪತ್ತು ಎಂಬಿ ಪುಟ, ಎರಡು ಎಂಬಿ ಲೈನು

ಬೆಂಗಳೂರಿನಲ್ಲಿ ಪುಟ ಕಟ್ಟಿ ಹುಬ್ಬಳ್ಳಿಯಲ್ಲಿ ಅಚ್ಚು ಹಾಕಲು ಹೊರಟಿದ್ದ ಒಂದು ಪತ್ರಿಕೆಯವರು 2 ಎಂಬಿಯ ಲೀಸ್ಡ್ ಲೈನ್ ತೆಗೆದುಕೊಂಡಿದ್ದರು. ಒಂದು ಪುಟದ ಫೈಲು ಸುಮಾರು 20 ಎಂಬಿ. ಇಪ್ಪತ್ತನ್ನು ಎರಡರಿಂದ ಭಾಗಿಸಿ ಪುಟಕ್ಕೆ 10 ಸೆಕೆಂಡು, 16 ಪುಟಕ್ಕೆ ಮೂರು ನಿಮಿಷದೊಳಗೆ ಎಂದು ಮುದ್ರಣ ವಿಭಾಗದವರು ವೇಳಾಪಟ್ಟಿ ಹಾಕಿಕೊಂಡಿದ್ದರು. ಮೊದಲ ರಾತ್ರಿ ಪುಟವೊಂದಕ್ಕೆ ಹತ್ತಿರ ಹತ್ತಿರ ಒಂದೂವರೆ ನಿಮಿಷ ಹಿಡಿಯಿತು. ಕೊನೆಯ ಪುಟ ತಲುಪಿದಾಗ 23 ನಿಮಿಷ ದಾಟಿತ್ತು, ಏಜೆಂಟರ ಬಂಡಲು ಒಯ್ಯುವ ವ್ಯಾನು ತಡವಾಯಿತು. ಟೆಲಿಕಾಂನ ಪ್ರಸರಣ (ಟ್ರಾನ್ಸ್‌ಮಿಷನ್) ವಿಭಾಗದಲ್ಲಿದ್ದ ನನಗೆ ಫೋನು ಬಂತು: ‘ನಿಮ್ಮ ಲೈನು ಎಂಟರಲ್ಲೊಂದು ಪಾಲೂ ಓಡ್ತಿಲ್ಲ.’

ಟೆಸ್ಟರ್ ಹಚ್ಚಿ ನೋಡಿದೆ. ಒಂದು ಬಿಟ್ಟೂ ತಪ್ಪುತ್ತಿರಲಿಲ್ಲ. ಹಾಗಾಗಿ ಕಾಗದ ತೆಗೆದುಕೊಂಡು ಅವರ ಮುಂದೆಯೇ ಲೆಕ್ಕ ಹಾಕಿದೆ. ಟೆಲಿಕಾಂನವರು 2 ಎಂಬಿ ಅಂದರೆ ಸೆಕೆಂಡಿಗೆ 20,48,000 ಬಿಟ್. ಪುಟ ಕಟ್ಟುವವರು 20 ಎಂಬಿ ಅಂದರೆ ಬೈಟ್, ಅಂದರೆ ಎಂಟೆಂಟು ಬಿಟ್ಟಿನ ಕಟ್ಟು. ಸಾಲದ್ದಕ್ಕೆ ಅವರ ಕಂಪ್ಯೂಟರು ಒಂದು ಎಂಬಿಗೆ ಹತ್ತು ಲಕ್ಷದ ಬದಲು 10,48,576 ಬೈಟ್ ಎಣಿಸುತ್ತದೆ. 1024ನ್ನು 1024ರಿಂದ ಗುಣಿಸಿದ ಲೆಕ್ಕ ಅದು. ಒಂದು ಪುಟವೆಂದರೆ 16 ಕೋಟಿ 77 ಲಕ್ಷ ಬಿಟ್. ಲೈನಿನ ವೇಗದಿಂದ ಭಾಗಿಸಿದರೆ 82 ಸೆಕೆಂಡು.

ಅವರಿಗೆ ಹಿಡಿದದ್ದು ಪುಟಕ್ಕೆ ಸುಮಾರು 87. ಮೇಲಿನ ಐದು ಸೆಕೆಂಡು ಎಲ್ಲಿ ಹೋಯಿತೆಂದು ಹೇಳಬೇಕಾದರೆ ಇ1 ಎಂದು ಕರೆಯುವ ಈ 2 ಎಂಬಿ ಲೈನಿನ ಒಳಕ್ಕೇ ಇಳಿಯಬೇಕು. ನನಗೆ ಇಡೀ ವೃತ್ತಿಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ತಿಳಿವಳಿಕೆ ಇದು. ಫೋನಿನ ದನಿಯನ್ನು ಡಿಜಿಟಲ್ ಮಾಡುವಾಗ ಸೆಕೆಂಡಿಗೆ 8000 ಸಲ ಅಳೆಯುತ್ತಾರೆ, ಒಂದೊಂದು ಅಳತೆಗೂ 8 ಬಿಟ್. ಗುಣಿಸಿದರೆ 64,000 ಬಿಟ್. ಒಂದು ಕರೆಗೆ ಬೇಕಾದ ಜಾಗ ಇಷ್ಟು. ಇಂಥ 32 ಸ್ಲಾಟ್ ಜೋಡಿಸಿದರೆ ಒಂದು ಇ1. ಬಸ್ಸಿನಲ್ಲಿ ಚಾಲಕ, ನಿರ್ವಾಹಕರ ಸೀಟು ಪ್ರಯಾಣಿಕರಿಗಿಲ್ಲ. ಹಾಗೆಯೇ ಇಲ್ಲಿ ಸೊನ್ನೆಯ ಸ್ಲಾಟ್ ಎರಡು ತುದಿಗಳ ತಾಳಮೇಳಕ್ಕೆ, 16ನೆಯದು ಕರೆಗಳ ಸಿಗ್ನಲಿಂಗ್‌ಗೆ. ಮಾತಿಗೆ ಉಳಿಯುವುದು 30. ಪತ್ರಿಕೆಯವರದು ಬರೀ ಡೇಟಾ ಆದ್ದರಿಂದ 16ನೆಯ ಸ್ಲಾಟೂ ಅವರಿಗೆ ಸಿಗುತ್ತಿತ್ತು: 31 ಸ್ಲಾಟ್, ಸೆಕೆಂಡಿಗೆ 19,84,000 ಬಿಟ್. ಅದರ ಮೇಲೆ 1500 ಬೈಟಿನ ಪ್ರತಿ ಪ್ಯಾಕೆಟ್ಟಿನಲ್ಲೂ 40 ಬೈಟು ವಿಳಾಸ, ಕ್ರಮಸಂಖ್ಯೆಗಳಿಗೇ ಹೋಗುತ್ತದೆ. ಎಲ್ಲ ಕಳೆದು ಪುಟಕ್ಕೆ 87 ಸೆಕೆಂಡು. ಅವರ ದಾಖಲೆಯಲ್ಲಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಇದಾದ ಮೇಲೆ ಅವರು ಒಳಪುಟಗಳನ್ನು ಸಂಜೆಯಿಂದಲೇ ಒಂದೊಂದಾಗಿ ಕಳಿಸತೊಡಗಿದರು. ತಡರಾತ್ರಿಗೆ ಮುಖಪುಟ, ಕ್ರೀಡಾಪುಟ ಮಾತ್ರ ಉಳಿಸಿಕೊಂಡರು. ಇನ್ನೊಂದು ಲೈನು ಬೇಕಾಗಲಿಲ್ಲ.

2048 ಎಂಬುದು 1024ರ ಇಮ್ಮಡಿಯಾಗಿರುವುದರಿಂದ ಟೆಲಿಕಾಂನ ಕಿಲೋ ಕೂಡ 1024 ಎಂದು ನಂಬಿದ ಎಂಜಿನಿಯರುಗಳನ್ನು ಎಷ್ಟೋ ಕಂಡಿದ್ದೇನೆ. ಅದು 32ನ್ನು 64ರಿಂದ ಗುಣಿಸಿ ಬಂದ ಸಂಖ್ಯೆ. ಲೈನಿನ ಕಿಲೋ ಯಾವತ್ತೂ ಸಾವಿರವೇ. ಅಮೆರಿಕದ ಟಿ1 ನೋಡಿದರೆ ಅನುಮಾನ ಉಳಿಯುವುದಿಲ್ಲ: 24 ಸ್ಲಾಟ್, ಫ್ರೇಮಿಗೊಂದು ಹೆಚ್ಚುವರಿ ಬಿಟ್, ಒಟ್ಟು 193 ಬಿಟ್, 8000ದಿಂದ ಗುಣಿಸಿದರೆ 15,44,000. ಫೈಬರಿನ ಎಸ್‌ಟಿಎಂ-1 ಕೂಡ ಅದೇ ಮನೆತನದ್ದು. 9 ಸಾಲು, 270 ಕಾಲಂ, 2430 ಬೈಟ್, ಸೆಕೆಂಡಿಗೆ 8000 ಸಲ: 155.52 ಮೆಗಾಬಿಟ್. ಅದನ್ನು 2.048ರಿಂದ ಭಾಗಿಸಿ 75 ಇ1 ಹಿಡಿಯುತ್ತದೆ ಎಂದು ಯೋಜನೆ ಬರೆಯುವವರಿದ್ದಾರೆ. ಹಿಡಿಯುವುದು 63, ಉಳಿದ ಜಾಗ ನಿರ್ವಹಣೆಗೆ, ಹೊಂದಾಣಿಕೆಗೆ. 8000 ಎಂಬ ಒಂದು ಸಂಖ್ಯೆ ಕೈಯಲ್ಲಿದ್ದರೆ ಈ ಕೋಷ್ಟಕವನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ.

ಆದರೆ ಉಪಗ್ರಹದ ಲೈನಿಗೆ ಭಾಗಾಕಾರ ಸಾಲದು. 36,000 ಕಿ.ಮೀ. ಎತ್ತರಕ್ಕೆ ಹೋಗಿ ಇಳಿದು, ಉತ್ತರವೂ ಅದೇ ದಾರಿಯಲ್ಲಿ ಬರಲು ಅರ್ಧ ಸೆಕೆಂಡಿಗೂ ಹೆಚ್ಚು ಬೇಕು. ಹಳೆಯ ಕಂಪ್ಯೂಟರುಗಳು ‘ಮುಟ್ಟಿತು’ ಎಂಬ ಉತ್ತರಕ್ಕೆ ಕಾಯದೆ ಕಳಿಸುತ್ತಿದ್ದದ್ದು ಹೆಚ್ಚೆಂದರೆ 64 ಕೆಬಿ. ಹಾಗಾಗಿ ಲೈನು 2 ಎಂಬಿಯದೇ ಆಗಿದ್ದರೂ ಒಂದು ಫೈಲು ಸೆಕೆಂಡಿಗೆ ಹತ್ತು ಲಕ್ಷ ಬಿಟ್ಟಿನ ಆಚೆ ಹೋಗುತ್ತಿರಲಿಲ್ಲ. ಹಳ್ಳಿ ಶಾಖೆಯ ಬ್ಯಾಂಕಿನವರು ಇಂಥ ಲೈನಿಗೆ ವೇಗ ಹೆಚ್ಚಿಸಿಕೊಂಡು ದುಡ್ಡು ಕಟ್ಟಿ, ಏನೂ ಬದಲಾಗದೆ ಬೇಸತ್ತದ್ದನ್ನು ನೋಡಿ ನನಗೆ ನಿಜವಾಗಿ ಸಂಕಟವಾಗುತ್ತಿತ್ತು.

ಇಂಥವನ್ನು ನೋಡಿ ನೋಡಿ ಒಂದು ಪದ್ಧತಿ ಇಟ್ಟುಕೊಂಡೆ. ಗಿರಾಕಿ ಅರ್ಜಿಯಲ್ಲಿ ವೇಗ ಬರೆಯುವ ಮೊದಲು, ಕಳಿಸಬೇಕಾದ್ದು ಎಷ್ಟು ಬೈಟ್, ಎಷ್ಟು ನಿಮಿಷದೊಳಗೆ ಎಂದು ಕೇಳಿ ಬರೆಸಿಕೊಳ್ಳುತ್ತಿದ್ದೆ. ವೇಗ ಕಂಡುಹಿಡಿಯುವುದು ನಮ್ಮ ಕೆಲಸ. ಮಾರುವವರೂ ದರಪಟ್ಟಿಯಲ್ಲಿ ಬಿಟ್ ಎಂದೋ ಬೈಟ್ ಎಂದೋ ಪೂರ್ತಿ ಅಚ್ಚು ಹಾಕಬೇಕು. ಬರೀ ‘ಎಂಬಿ’ ಎಂದು ಬಿಡುವುದು ಜನರಿಗೆ ಮಾಡುವ ಅನ್ಯಾಯ.

ನಮ್ಮಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು 2004ರ ನೀತಿಯ ಪ್ರಕಾರ 256 ಕಿಲೋಬಿಟ್ ಸಾಕಿತ್ತು. ಅಂದರೆ ಸೆಕೆಂಡಿಗೆ 32,000 ಬೈಟ್. 700 ಎಂಬಿಯ ಒಂದು ಸಿ.ಡಿ. ಇಳಿಸಲು ಆರು ಗಂಟೆಗೂ ಮೇಲೆ. 2013ರಲ್ಲಿ ಆ ಕನಿಷ್ಠ ವೇಗ 512 ಕಿಲೋಬಿಟ್ ಆಯಿತು, 2023ರಲ್ಲಿ 2 ಮೆಗಾಬಿಟ್. ಈಗ ಮನೆಗೆ 100ರ ಫೈಬರ್ ಹಾಕಿಸಿಕೊಂಡ ನೆರೆಯವರು, ಡೌನ್‌ಲೋಡ್ ಮಾಡುವಾಗ 11 ಚಿಲ್ಲರೆ ಮಾತ್ರ ತೋರಿಸುತ್ತದೆ ಎಂದು ನನ್ನಲ್ಲಿಗೆ ಬರುತ್ತಾರೆ. 100ನ್ನು 8ರಿಂದ ಭಾಗಿಸಿದರೆ 12.5, ಕಂಪ್ಯೂಟರಿನ ಎಣಿಕೆಗೆ ತಿರುಗಿಸಿದರೆ 11.9, ಪ್ಯಾಕೆಟ್ಟಿನ ವಿಳಾಸದ ಖರ್ಚು ಕಳೆದರೆ 11 ಚಿಲ್ಲರೆಯೇ. ಅವರ ಲೈನು ಪೂರ್ತಿ ಓಡುತ್ತಿದೆ.