ಮಕ್ಕಳ ಕಣ್ಣುತುರಿಕೆ: ತಾಯಿತಂದೆಗಳು ತಿಳಿದಿರಬೇಕಾದುದು

ಯುಗಾದಿ ಕಳೆದು ಬಿಸಿಲು ಬಲಿಯಿತೆಂದರೆ ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿಯ ಸುತ್ತಿನ ಹಳ್ಳಿಗಳಲ್ಲಿ ಸದಾ ಕಣ್ಣುಜ್ಜಿಕೊಳ್ಳುವ ಹುಡುಗರನ್ನು ಕಾಣುತ್ತೇವೆ. ಬಿಸಿಲಿಗೆ ಬಂದರೆ ಕಣ್ಣು ಬಿಡಲಾರರು. ಶಾಲೆಯಲ್ಲಿ ತಲೆ ತಗ್ಗಿಸಿಯೇ ಕುಳಿತಿರುತ್ತಾರೆ. ಮನೆಯವರು ಉಷ್ಣವೆಂದು ತಿಳಿದು ತಲೆಗೆ ಹರಳೆಣ್ಣೆ ಹಚ್ಚುತ್ತಾರೆ. ಮಳೆ ಬಿದ್ದ ಮೇಲೆ ತುರಿಕೆ ಕಡಿಮೆಯಾದರೆ ಎಣ್ಣೆಯಿಂದ ವಾಸಿಯಾಯಿತೆಂದು ನಂಬುತ್ತಾರೆ. ಮುಂದಿನ ಬೇಸಿಗೆಗೆ ಅದೇ ಕಾಟ ಮರಳಿ ಬರುತ್ತದೆ.

ಇದು ಅಲರ್ಜಿಯಿಂದ ಬರುವ ರೋಗ. ವೈದ್ಯರು ಇದನ್ನು ವರ್ನಲ್ ಕೆರಾಟೋಕಂಜಂಕ್ಟಿವೈಟಿಸ್, ಚಿಕ್ಕದಾಗಿ ವಿ.ಕೆ.ಸಿ. ಎನ್ನುತ್ತಾರೆ. ವರ್ನಲ್ ಎಂದರೆ ವಸಂತಕಾಲದ್ದು. ಆದರೆ ನಮ್ಮಂಥ ಬಿಸಿಲುನಾಡಿನಲ್ಲಿ ಕೆಲವು ಮಕ್ಕಳಿಗೆ ವರ್ಷವಿಡೀ ಇರುವುದುಂಟು. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು. ಸಾಮಾನ್ಯವಾಗಿ ಹತ್ತು ವರ್ಷದೊಳಗೆ ಆರಂಭವಾಗಿ, ಪ್ರಾಯ ಬರುತ್ತ ತಾನಾಗಿಯೇ ಇಳಿಯುತ್ತದೆ. ಅಲ್ಲಿಯವರೆಗೆ ಕಣ್ಣನ್ನು ಕೆಡದಂತೆ ಉಳಿಸಿಕೊಳ್ಳುವುದೇ ನಮ್ಮ ಕೆಲಸ.

ಅಂಟುವ ಕಣ್ಣುಬೇನೆಗೂ, ಅಂದರೆ ಮದ್ರಾಸ್ ಐಗೂ, ಇದಕ್ಕೂ ವ್ಯತ್ಯಾಸವಿದೆ. ಕಣ್ಣುಬೇನೆ ಒಬ್ಬರಿಂದ ಒಬ್ಬರಿಗೆ ಮನೆಮಂದಿಗೆಲ್ಲ ಹರಡಿ, ವಾರ ಎರಡು ವಾರದಲ್ಲಿ ಹೋಗುತ್ತದೆ. ಅಲರ್ಜಿಯದು ಅಂಟುವುದಿಲ್ಲ, ತಿಂಗಳುಗಟ್ಟಲೆ ನಿಲ್ಲುತ್ತದೆ. ಎರಡೂ ಕಣ್ಣಿಗೆ ಬರುತ್ತದೆ. ಇದರ ಮುಖ್ಯ ಗುರುತು ತಡೆಯಲಾರದ ತುರಿಕೆ. ಗೀಜು ಹಳದಿಯಾಗಿರದೆ ಬಿಳಿಯಾಗಿ, ಎಳೆದರೆ ದಾರದಂತೆ ನೀಳವಾಗಿ ಬರುತ್ತದೆ. ಬಿಳಿಗುಡ್ಡೆ ಕಂದು ಬಣ್ಣಕ್ಕೆ ತಿರುಗಬಹುದು. ಕರಿಗುಡ್ಡೆಯ ಅಂಚಿನಲ್ಲಿ ಲೋಳೆಯಂಥ ಉಬ್ಬು, ಅದರ ಮೇಲೆ ಸಣ್ಣ ಬಿಳಿ ಚುಕ್ಕೆ ಕಾಣಬಹುದು. ವೈದ್ಯರು ಮೇಲುರೆಪ್ಪೆಯನ್ನು ಮಗುಚಿ ನೋಡಿದರೆ ಒಳಗೆ ಕಲ್ಲುಹಾಸಿನಂತೆ ಗಂಟುಗಂಟಾಗಿರುತ್ತದೆ. ರೆಪ್ಪೆ ಮಗುಚುವುದನ್ನು ಮನೆಯಲ್ಲಿ ಯಾರೂ ಪ್ರಯತ್ನಿಸಬಾರದು.

ಆ ಗಂಟುಗಳು ಉಜ್ಜುವುದರಿಂದಲೂ, ಅವುಗಳಿಂದ ಒಸರುವ ವಸ್ತುಗಳಿಂದಲೂ ಕಣ್ಣಿನ ಮುಂಭಾಗದ ಗಾಜಿನಂಥ ಪೊರೆ, ಅಂದರೆ ಕಾರ್ನಿಯಾ, ಹುಣ್ಣಾಗುವುದುಂಟು. ಮಗು ನೋವೆಂದು ಕಣ್ಣು ತೆರೆಯದಿದ್ದರೆ, ದೃಷ್ಟಿ ಮಂಜಾದರೆ, ಕರಿಗುಡ್ಡೆಯ ಮೇಲೆ ಬಿಳಿ ಕಲೆ ಕಂಡರೆ ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸಂತೆ ಮುಗಿಯಲಿ, ಕಟಾವು ಮುಗಿಯಲಿ ಎನ್ನಬಾರದು. ವರ್ಷಗಟ್ಟಲೆ ಉಜ್ಜಿದರೆ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗುವ ಇನ್ನೊಂದು ರೋಗವೂ ಬರುತ್ತದೆ.

ಇನ್ನು ಔಷಧಿಯ ಮಾತು. ಇಲ್ಲಿಯೇ ಹೆಚ್ಚು ಅನಾಹುತವಾಗುವುದು. ಒಂದು ಹಳ್ಳಿಗೆ ಟೊಮೇಟೊ ರೋಗ ನೋಡಲು ಹೋಗಿದ್ದೆ. ಮನೆಯಾಕೆ ಒಂದು ಪುಟ್ಟ ಶೀಶೆ ತಂದು, "ಸಾರ್, ಈ ಹನಿ ಹಾಕಿದರೆ ಎರಡೇ ದಿನಕ್ಕೆ ಮಗನ ಕಣ್ಣು ತಿಳಿಯಾಗ್ತದೆ, ಬಿಟ್ಟರೆ ಮತ್ತೆ ಕೆಂಪು. ಎರಡು ವರ್ಷದಿಂದ ಅಂಗಡಿಯಲ್ಲೇ ತರ್ತಾ ಇದೀವಿ" ಎಂದರು. ಕೀಟನಾಶಕದ ಚೀಟಿ ಓದಿ ಓದಿ ಅಭ್ಯಾಸವಾದ ನನಗೆ ಇದನ್ನೂ ಓದಬೇಕೆನಿಸಿತು. ಡೆಕ್ಸಾಮೆಥಾಸೋನ್ ಎಂದಿತ್ತು. ಅದು ಸ್ಟೀರಾಯ್ಡ್. ಹುಡುಗನನ್ನು ಮರುದಿನವೇ ಆಸ್ಪತ್ರೆಗೆ ಕಳುಹಿಸಿದೆವು. ಕಣ್ಣಿನೊಳಗಿನ ಒತ್ತಡ ಏರಿ, ಒಂದು ಕಣ್ಣಿನ ಪಕ್ಕದ ನೋಟ ಆಗಲೇ ಹೋಗಿತ್ತು. ಹುಡುಗನಿಗೂ ಅದು ತಿಳಿದಿರಲಿಲ್ಲ, ತಾಯಿಗೂ ತಿಳಿದಿರಲಿಲ್ಲ.

ಸ್ಟೀರಾಯ್ಡ್ ಹನಿ ವಿಷವಲ್ಲ. ರೋಗ ಜೋರಾದಾಗ ವೈದ್ಯರೇ ಅದನ್ನು ಕೆಲವು ದಿನ ಕೊಟ್ಟು, ಕ್ರಮವಾಗಿ ಇಳಿಸಿ ನಿಲ್ಲಿಸುತ್ತಾರೆ, ನಡುವೆ ಒತ್ತಡ ಅಳೆಯುತ್ತಾರೆ. ಅಳತೆಯಿಲ್ಲದೆ ತಿಂಗಳುಗಟ್ಟಲೆ ಹಾಕಿದರೆ ಗ್ಲಾಕೋಮಾ ಮತ್ತು ಪೊರೆ ಬರುತ್ತವೆ. ಪೊರೆಯನ್ನು ಶಸ್ತ್ರಕ್ರಿಯೆಯಿಂದ ತೆಗೆಯಬಹುದು. ಗ್ಲಾಕೋಮಾದಿಂದ ಹೋದ ನೋಟ ಮರಳಿ ಬರುವುದಿಲ್ಲ. ನಿಮ್ಮ ಮನೆಯ ಶೀಶೆಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂದಿದೆಯೇ ನೋಡಿರಿ, ಓದಲು ಬಾರದಿದ್ದರೆ ಮೇಷ್ಟ್ರಿಂದ ಓದಿಸಿರಿ. ಇದ್ದರೆ ಶೀಶೆಯನ್ನು ಎಸೆಯಬೇಡಿ. ಮಗುವಿನೊಂದಿಗೆ ಅದನ್ನೂ ವೈದ್ಯರಿಗೆ ತೋರಿಸಿರಿ.

ದಿನವೂ ಹಾಕಲು ಬೇರೆ ಹನಿಗಳಿವೆ. ಓಲೋಪಟಡಿನ್‌ನಂಥವು ತುರಿಕೆಯನ್ನು ತಡೆಯುತ್ತವೆ. ಬೇಸಿಗೆ ಏರುವ ಮುನ್ನವೇ ಆರಂಭಿಸಿದರೆ ಹೆಚ್ಚು ಗುಣ. ಇವು ಸ್ಟೀರಾಯ್ಡ್‌ನಷ್ಟು ಬೇಗ ಕಣ್ಣನ್ನು ತಿಳಿಮಾಡುವುದಿಲ್ಲ, ಆದುದರಿಂದಲೇ ಜನ ಇವನ್ನು ಅರ್ಧಕ್ಕೆ ಬಿಡುತ್ತಾರೆ. ಇವಕ್ಕೂ ಬಗ್ಗದ ರೋಗಕ್ಕೆ ಸೈಕ್ಲೋಸ್ಪೋರಿನ್ ಹನಿ ಇಲ್ಲವೆ ಟ್ಯಾಕ್ರೋಲಿಮಸ್ ಮುಲಾಮು ಇದೆ. ಮೊದಮೊದಲು ಉರಿಯುತ್ತದೆ, ಆದರೆ ಕಣ್ಣಿನ ಒತ್ತಡ ಏರಿಸುವುದಿಲ್ಲ. ಇವನ್ನು ತಜ್ಞರೇ ಬರೆದುಕೊಡಬೇಕು. ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಅಲ್ಲಿಂದ ಮುಂದಕ್ಕೆ ಕಳುಹಿಸಿದರೆ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಬಂಗಾರಪೇಟೆಯಿಂದ ರೈಲಿದೆ.

ಮನೆಯಲ್ಲಿ ಮಾಡಬಹುದಾದದ್ದು ಕಡಿಮೆಯೇನಲ್ಲ. ಶುಭ್ರವಾದ ಬಟ್ಟೆಯನ್ನು ಕಾಯಿಸಿ ಆರಿಸಿದ ತಣ್ಣೀರಿನಲ್ಲಿ ಅದ್ದಿ, ಹಿಂಡಿ, ಮುಚ್ಚಿದ ಕಣ್ಣಿನ ಮೇಲೆ ಐದು ನಿಮಿಷ ಇಟ್ಟರೆ ತುರಿಕೆ ಇಳಿಯುತ್ತದೆ. ಹೊರಗಿಂದ ಬಂದ ಕೂಡಲೆ ಮುಖ ತೊಳೆಸಿರಿ, ಉಗುರು ಕತ್ತರಿಸಿರಿ, ಬಿಸಿಲಿಗೆ ಟೋಪಿ ಹಾಕಿಸಿರಿ. ಸೊಪ್ಪಿನ ರಸ, ಎದೆಹಾಲು, ಹರಳೆಣ್ಣೆ ಕಣ್ಣಿಗೆ ಬಿಡಬಾರದು. ಹುಣ್ಣಿರುವ ಕಣ್ಣಿಗೆ ಇವು ಸೋಂಕು ತರುತ್ತವೆ.

ಗಣಿಯ ಕಡೆಯವರು ಸೈನೈಡ್ ದಿಬ್ಬದ ಧೂಳನ್ನು ದೂರುತ್ತಾರೆ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದರೂ, ಚಿನ್ನ ತೆಗೆದು ಸುರಿದ ಕಲ್ಲಿನ ನುಣ್ಣನೆಯ ಪುಡಿ ದಿಬ್ಬಗಳಾಗಿ ನಿಂತಿದೆ, ಗಾಳಿಗೆ ಏಳುತ್ತದೆ. ಈ ರೋಗದ ಮೂಲವೇ ಆ ಧೂಳೆಂದು ಹೇಳಲಾಗದು. ದಿಬ್ಬವಿಲ್ಲದ ಊರುಗಳಲ್ಲೂ ರೋಗವಿದೆ. ಆದರೆ ಕೆರಳಿದ ಕಣ್ಣಿಗೆ ಯಾವ ಧೂಳಾದರೂ ಶತ್ರುವೇ. ಗಾಳಿ ಬೀಸುವ ದಿನ ಮಕ್ಕಳನ್ನು ದಿಬ್ಬದ ಮೇಲೆ ಆಡಲು ಬಿಡಬೇಡಿ. ರೇಷ್ಮೆ ಮನೆಯಲ್ಲಿ ಚಿಟ್ಟೆಯ ಪುಡಿಯೂ ಕೆಲವರಿಗೆ ಒಗ್ಗುವುದಿಲ್ಲ. ಅಂಥ ಮಗುವನ್ನು ಅಲ್ಲಿ ಮಲಗಿಸಬಾರದು.

ಕಾಂಗ್ರೆಸ್ ಹುಲ್ಲಿನ ಪರಾಗವೂ ಅಲರ್ಜಿಯದೇ. ಇದರ ಎಲೆ ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಅದು ಮಳೆಗಾಲದಲ್ಲಿ ಚೆನ್ನಾಗಿ ಮೇಯುತ್ತದೆ, ಬೇಸಿಗೆಯಲ್ಲಿ ಮಣ್ಣಿನೊಳಗೆ ಅಡಗುತ್ತದೆ. ಹಾಗಾಗಿ ಕೈಕೆಲಸ ತಪ್ಪದು. ಶಾಲೆಯ ಸುತ್ತಲಿನ ಗಿಡವನ್ನು ಮಳೆ ಬಿದ್ದು ನೆಲ ಮೆತ್ತಗಾದಾಗ, ಹೂ ಬಿಡುವ ಮುಂಚೆ, ಬೇರುಸಹಿತ ಕೀಳಬೇಕು. ಕೀಳುವವರು ಕೈಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ. ಕಣ್ಣುತುರಿಕೆಯ ಹುಡುಗರನ್ನು ಈ ಶ್ರಮದಾನಕ್ಕೆ ಕರೆಯಬೇಡಿ.